ಕಾಯಿಸಿದ್ದು ತಪ್ಪಲ್ಲ: ರುಮಿಕೊ ತಕಾಹಾಶಿಯವರನ್ನು ಹೀಗಳೆಯುವವರಿಗೆ

ರುಮಿಕೊ ತಕಾಹಾಶಿಯವರ ಮೇಲಿನ ಆರೋಪಪಟ್ಟಿ ಹಳೆಯದು. ಮಂಗಾ, ಅಂದರೆ ಜಪಾನಿನ ಚಿತ್ರಕಥೆ, ಓದುವವರು ನಾಲ್ಕು ಜನ ಸೇರಿದ ಕಡೆ ಯಾರಾದರೊಬ್ಬರು ಅದನ್ನು ಬಾಯಿಪಾಠ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಪ್ರೇಮಕಥೆ ಹಗುರ ಸರಕು, ಅದಕ್ಕೆ ದೊಡ್ಡ ಕಸುಬೇನೂ ಬೇಕಿಲ್ಲ. ಹುಡುಗರ ಪತ್ರಿಕೆಯಲ್ಲಿ ಹುಡುಗರ ಚಪಲಕ್ಕೆ ತಕ್ಕ ಹಾಗೆ ಬರೆದು ಹೆಸರು ಮಾಡಿದರು. ನಲವತ್ತು ವರ್ಷದಿಂದ ಒಂದೇ ಕಥೆಗೆ ಬಟ್ಟೆ ಬದಲಿಸಿ ಹೇಳುತ್ತಿದ್ದಾರೆ. ಪುಸ್ತಕ ಹೆಚ್ಚು ಮಾರಾಟವಾದದ್ದು ಬಿಟ್ಟರೆ ಬೇರೆ ಹೆಚ್ಚುಗಾರಿಕೆ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ಸಂಚಿಕೆಯಲ್ಲಿ ಮುಗಿಯುವ ಪ್ರೀತಿಯನ್ನು ವರ್ಷಗಟ್ಟಲೆ ಎಳೆದು ಓದುಗರನ್ನು ಕಾಯಿಸಿದರು. ನಾನು ಈಕೆಯ ಪುಟಗಳನ್ನು ಪ್ರೀತಿಯಿಂದ ಓದಿಕೊಂಡು ಬಂದಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ಪ್ರೀತಿ ವಾದವಾಗುವುದಿಲ್ಲ ಎಂಬುದೂ ಗೊತ್ತಿದೆ. ಅದಕ್ಕೇ ಒಂದೊಂದು ಆರೋಪವನ್ನೂ ಎದುರುಪಕ್ಷದವರು ಹೇಳುವಷ್ಟೇ ಗಟ್ಟಿಯಾಗಿ ಹೇಳಿ, ಆಮೇಲೆ ಉತ್ತರ ಕೊಡುತ್ತೇನೆ. ತೂಗಿ ನೋಡುವುದು ಓದುಗರಿಗೆ ಬಿಟ್ಟದ್ದು.

ಮೊದಲು ಕಸುಬಿನ ಮಾತು. ಯುದ್ಧ, ರಾಜಕೀಯ, ಕತ್ತಿವರಸೆ ಬರೆಯುವವರಿಗೆ ತಯಾರಿ ಬೇಕು, ಇಬ್ಬರು ಒಬ್ಬರನ್ನೊಬ್ಬರು ನೋಡಿ ನಾಚುವುದನ್ನು ಬರೆಯಲು ಏನು ಬೇಕು ಎಂಬುದು ಇವರ ಪ್ರಶ್ನೆ. ತಕಾಹಾಶಿ ಹುಟ್ಟಿದ್ದು 1957ರಲ್ಲಿ, ನೀಗಾತಾದಲ್ಲಿ. ಟೋಕಿಯೊದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ ಕಜುವೊ ಕೋಯಿಕೆಯವರ ಮಂಗಾ ಶಾಲೆಗೆ ಸೇರಿದರು. ಈ ಕೋಯಿಕೆ ಯಾರು? ಕೂಸನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಊರೂರು ಅಲೆಯುವ ಸಮುರಾಯ್‌ನ ಕಥೆ 'ಲೋನ್ ವುಲ್ಫ್ ಅಂಡ್ ಕಬ್' ಬರೆದವರು. ಕತ್ತಿಯ ಕಥೆಗೆ ಕೈಮುಗಿಯುವವರೆಲ್ಲ ಕೈಮುಗಿಯುವ ಹೆಸರು ಅದು. ಪಾತ್ರ ಗಟ್ಟಿಯಾಗಿ ನಿಂತರೆ ಕಥೆ ತಾನಾಗಿ ನಡೆಯುತ್ತದೆ ಎನ್ನುವುದು ಅವರ ಪಾಠದ ತಿರುಳು. ಅದೇ ಪಾಠ ಸಮುರಾಯ್‌ಗೆ ಬಳಕೆಯಾದರೆ ಕಲೆ, ನಾಚುವ ಹುಡುಗನಿಗೆ ಬಳಕೆಯಾದರೆ ಹಗುರ ಸರಕು ಎನ್ನುವುದಾದರೆ, ಹಗುರವಾದದ್ದು ಕಸುಬಲ್ಲ, ಅಳೆಯುವವರ ತಕ್ಕಡಿ.

ಕಸುಬನ್ನು ಹತ್ತಿರದಿಂದ ನೋಡೋಣ. ವಾರಪತ್ರಿಕೆಯ ಮಂಗಾಕಾರರು ಮೊದಲು 'ನೇಮು' ಬರೆಯುತ್ತಾರೆ. ಯಾವ ಚೌಕ ಎಷ್ಟು ದೊಡ್ಡದು, ಯಾರು ಎಲ್ಲಿ ನಿಲ್ಲಬೇಕು, ಮಾತು ಎಲ್ಲಿ ಬೀಳಬೇಕು ಎಂದು ಗುರುತು ಹಾಕಿದ ಒರಟು ಕರಡು ಅದು. ಸಂಪಾದಕರು ಅದನ್ನು ಒಪ್ಪಿದ ಮೇಲೆ ಪೆನ್ಸಿಲ್, ಆಮೇಲೆ ಶಾಯಿ. ಇಡೀ ಕೆಲಸ ವಾರದೊಳಗೆ ಮುಗಿಯಬೇಕು, ಮುಂದಿನ ವಾರ ಮತ್ತೆ ಮೊದಲಿನಿಂದ. ಹೊಡೆದಾಟವಿದ್ದರೆ ನೇಮು ಸ್ವಲ್ಪ ಸಲೀಸು. ಬೀಸಿದ ಕತ್ತಿ ಓದುಗನ ಕಣ್ಣನ್ನು ಮುಂದಿನ ಚೌಕಕ್ಕೆ ತಾನೇ ಎಳೆದುಕೊಂಡು ಹೋಗುತ್ತದೆ. ಬಾಗಿಲ ಬಳಿ ಇಬ್ಬರು ಸುಮ್ಮನೆ ನಿಂತಿದ್ದಾರೆ, ಒಬ್ಬನಿಗೆ ಹೇಳಬೇಕಾದದ್ದು ಗಂಟಲಲ್ಲೇ ಉಳಿದಿದೆ ಎನ್ನುವಾಗ ಎಳೆಯಲು ಏನೂ ಇಲ್ಲ. ಜಪಾನಿ ಭಾಷೆಯಲ್ಲಿ ನಿಶ್ಶಬ್ದಕ್ಕೂ ಒಂದು ಶಬ್ದವಿದೆ, 'ಶೀನ್'. ಮಂಗಾದಲ್ಲಿ ಅದನ್ನು ಚೌಕದೊಳಗೆ ಅಕ್ಷರವಾಗಿ ಬರೆಯುತ್ತಾರೆ. ಆ ಮೌನದ ಚೌಕ ಒಂದು ಸಾಲು ಮೊದಲು ಬಂದರೆ ದೃಶ್ಯ ಸತ್ತುಹೋಗುತ್ತದೆ, ಒಂದು ಸಾಲು ತಡವಾದರೆ ನಗೆಪಾಟಲಾಗುತ್ತದೆ. ತಕಾಹಾಶಿ ಅದನ್ನು ಎಲ್ಲಿ ಇಡುತ್ತಾರೆ ಎಂದು ನೋಡದೆಯೇ ಇದಕ್ಕೆ ಕಸುಬು ಬೇಡ ಎನ್ನುವವರು ಪುಟ ತಿರುವಿದ್ದಾರೆ, ಓದಿಲ್ಲ.

ಎರಡನೆಯದು, ಚಪಲದ ಆರೋಪ. ಇದರಲ್ಲಿ ನಿಜದ ಒಂದು ತುಣುಕಿದೆ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. 1978ರಲ್ಲಿ ಶೋಗಾಕುಕಾನ್ ಪ್ರಕಾಶನದ 'ಶೋನೆನ್ ಸಂಡೇ' ಎಂಬ ಹುಡುಗರ ವಾರಪತ್ರಿಕೆಯಲ್ಲಿ ತಕಾಹಾಶಿಯವರ 'ಉರುಸೆಯಿ ಯಾತ್ಸುರಾ' ಶುರುವಾದಾಗ ಅದರ ನಾಯಕಿ ಲಮ್ ಹುಲಿಪಟ್ಟೆಯ ಬಿಕಿನಿ ತೊಟ್ಟು ಆಕಾಶದಿಂದ ಇಳಿದು ಬಂದಳು. ಆ ಉಡುಪು ಯಾರ ಕಣ್ಣಿಗಾಗಿ ಎಂಬುದರಲ್ಲಿ ಅನುಮಾನವಿಲ್ಲ. ಆಕೆಯ ಇನ್ನೊಂದು ಸರಣಿ 'ರನ್ಮಾ'ದಲ್ಲಿ ಒಳಉಡುಪು ಕದಿಯುವ ಮುದುಕನ ತಮಾಷೆ ಮತ್ತೆ ಮತ್ತೆ ಬರುತ್ತದೆ, ಅದನ್ನೂ ನಾನು ಸಮರ್ಥಿಸುವುದಿಲ್ಲ. ಆದರೆ ಆರೋಪ ಇರುವುದು ಉಡುಪಿನ ಮೇಲಷ್ಟೇ ಅಲ್ಲ, ಇಡೀ ವೃತ್ತಿಜೀವನದ ಮೇಲೆ. ಅಲ್ಲಿ ಅದು ನಿಲ್ಲುವುದಿಲ್ಲ.

ಲಮ್ ಮೊದಲ ಕಂತಿಗೆ ಮಾತ್ರ ಬಂದುಹೋಗಬೇಕಿದ್ದ ಪಾತ್ರ. ಎರಡನೆಯ ಕಂತಿನಲ್ಲಿ ಅವಳು ಇಲ್ಲವೇ ಇಲ್ಲ. ಆಮೇಲೆ ಮರಳಿ ಬಂದವಳು ಕಥೆಯನ್ನೇ ತನ್ನದಾಗಿಸಿಕೊಂಡಳು. ಅವಳು ಓನಿ, ಅಂದರೆ ಜಪಾನಿನ ಜನಪದದ ಕೊಂಬಿನ ರಾಕ್ಷಸರ ಕುಲದವಳು. ಸೆತ್ಸುಬುನ್ ಹಬ್ಬದಲ್ಲಿ ಕಾಳು ಎರಚಿ ಮನೆಯಿಂದ ಓಡಿಸುತ್ತಾರಲ್ಲ, ಆ ಓನಿ. ಮುಟ್ಟಾಟಕ್ಕೂ ಜಪಾನಿನಲ್ಲಿ ಓನಿಯ ಆಟ ಎಂದೇ ಹೆಸರು, ಬೆನ್ನಟ್ಟುವವನೇ ಓನಿ. ತಕಾಹಾಶಿ ಇದನ್ನು ತಿರುಗಿಸಿ ಹಾಕಿದರು: ಓನಿ ಹಾರಿ ತಪ್ಪಿಸಿಕೊಳ್ಳುತ್ತಾಳೆ, ಮನುಷ್ಯನ ಮಗ ಅತಾರು ಅವಳನ್ನು ಹಿಡಿದು ಭೂಮಿಯನ್ನು ಉಳಿಸಬೇಕು. ಆಮೇಲಿನ ಒಂಬತ್ತು ವರ್ಷ ಅವನು ಕಂಡಕಂಡ ಹುಡುಗಿಯರ ಹಿಂದೆ ಓಡುತ್ತಾನೆ, ಪ್ರತಿ ಸಲವೂ ಲಮ್ ಹರಿಸುವ ಕರೆಂಟಿಗೆ ಸುಟ್ಟು ಕರಕಲಾಗುತ್ತಾನೆ. ಪತ್ರಿಕೆ ಕೊಂಡ ಹುಡುಗ ಯಾರ ಕಣ್ಣಿನಿಂದ ನೋಡುತ್ತಿದ್ದನೋ ಆ ಕಣ್ಣಿಗೇ ಏಟು ಬೀಳುತ್ತಿತ್ತು. 1987ರಲ್ಲಿ ಶುರುವಾದ 'ರನ್ಮಾ' ಇನ್ನೂ ಮುಂದೆ ಹೋಯಿತು. ತಣ್ಣೀರು ಬಿದ್ದರೆ ಹುಡುಗಿ, ಬಿಸಿನೀರು ಬಿದ್ದರೆ ಹುಡುಗನಾಗುವ ನಾಯಕನನ್ನು ಹುಡುಗರ ಪತ್ರಿಕೆಯ ನಡುವೆ ಒಂಬತ್ತು ವರ್ಷ ನಿಲ್ಲಿಸಿ, ಹುಡುಗಿಯ ಮೈಯಲ್ಲಿ ಇದ್ದಾಗ ಲೋಕ ನಿನ್ನನ್ನು ಹೇಗೆ ನೋಡುತ್ತದೆ ನೋಡು ಎಂದು ಆ ಹುಡುಗರಿಗೇ ತೋರಿಸಿತು. ಚಪಲಕ್ಕೆ ಮಣೆ ಹಾಕುವವರು ಚಪಲಪಡುವವನನ್ನು ಎತ್ತಿ ಆ ಚಪಲಕ್ಕೆ ಗುರಿಯಾಗುವ ಜಾಗದಲ್ಲಿ ಕೂರಿಸುವುದಿಲ್ಲ.

ಇನ್ನೊಂದು ವಿಷಯ. ಹುಡುಗರಿಗಾಗಿ ಬರೆದರು ಎಂದು ದೂರುವವರೇ ಮುಂದಿನ ಉಸಿರಿನಲ್ಲಿ, ಪ್ರೇಮಕಥೆ ಹುಡುಗಿಯರ ವಿಷಯ, ಅದಕ್ಕೇ ಹಗುರ ಎನ್ನುತ್ತಾರೆ. ಎರಡೂ ಕೈಯಲ್ಲಿ ಹಿಡಿಯಲು ಬರುವುದಿಲ್ಲ, ಒಂದನ್ನು ಬಿಡಬೇಕಾಗುತ್ತದೆ. ಹುಡುಗಿಯರಿಗಾಗಿ ಹುಡುಗಿಯರ ಪತ್ರಿಕೆಯಲ್ಲಿ ಬರೆದ ಮೋತೊ ಹಾಗಿಯೊ, ರಿಯೊಕೊ ಇಕೆಡಾ ಅವರ ತಲೆಮಾರು 1970ರ ದಶಕದಲ್ಲಿ ಏನೇನು ಮಾಡಿ ತೋರಿಸಿತು ಎಂಬುದು ದಾಖಲಾಗಿದೆ. ತಕಾಹಾಶಿ ಹೋದದ್ದು ಬೇರೆ ದಾರಿ. ಗಂಡುಹುಡುಗನೂ ಪ್ರೀತಿಯ ಕಥೆಗಾಗಿ ವಾರವಿಡೀ ಕಾಯುವ ಹಾಗೆ ಮಾಡಿದರು. ಅದನ್ನು ರಾಜಿ ಎಂದು ಕರೆಯುವವರು ಗೆಲುವಿಗೆ ಬೇರೆ ಯಾವ ಹೆಸರು ಇಟ್ಟಿದ್ದಾರೋ ಹೇಳಬೇಕು.

ಮೂರನೆಯದು, ಒಂದೇ ಕಥೆ ಎಂಬ ಆರೋಪ. ಪಟ್ಟಿಯನ್ನೇ ನೋಡಿ. ಬಾಹ್ಯಾಕಾಶದ ಹುಡುಗಿಯ ಪ್ರಹಸನ 'ಉರುಸೆಯಿ ಯಾತ್ಸುರಾ', 34 ಸಂಪುಟ. ಅದು ನಡೆಯುತ್ತಿರುವಾಗಲೇ, 1980ರಿಂದ 1987ರವರೆಗೆ 'ಬಿಗ್ ಕಾಮಿಕ್ ಸ್ಪಿರಿಟ್ಸ್'ನಲ್ಲಿ ಬಾಡಿಗೆ ಮನೆಯ ಕಥೆ 'ಮೆಜೋನ್ ಇಕ್ಕೊಕು', 15 ಸಂಪುಟ. ಮತ್ಸ್ಯಕನ್ಯೆಯ ಮಾಂಸ ತಿಂದು ಸಾವೇ ಬಾರದ ಇಬ್ಬರು ಅಲೆಯುವ ಭಯಾನಕ ಕಥೆಗಳು. ತಿನ್ನುವ ಚಪಲ ಹಿಡಿತದಲ್ಲಿಡಲಾಗದ ಬಾಕ್ಸರ್ ಹಾಗೂ ಅವನನ್ನು ತಿದ್ದಲು ಹೊರಟ ಎಳೆಯ ಕ್ರೈಸ್ತ ಸನ್ಯಾಸಿನಿಯ 'ಒನ್ ಪೌಂಡ್ ಗಾಸ್ಪೆಲ್'. 'ರನ್ಮಾ' 38 ಸಂಪುಟ. 1996ರಿಂದ 2008ರವರೆಗೆ ಹಳೆಯ ಅಂತರ್ಯುದ್ಧಗಳ ಕಾಲದ ಜಪಾನಿಗೆ ಬಾವಿಯೊಳಗಿಂದ ಇಳಿದುಹೋಗುವ ಹುಡುಗಿಯ 'ಇನುಯಾಶಾ', 56 ಸಂಪುಟ. 2009ರಿಂದ 2017ರವರೆಗೆ 'ರಿನ್ನೆ', 40 ಸಂಪುಟ. ಇವೆಲ್ಲ ಒಂದೇ ಕಥೆ ಎನ್ನುವವರಿಗೆ ಒಂದೇ ಆಧಾರ ಸಿಗಬಹುದು, ಮುಖಗಳ ಹೋಲಿಕೆ. ಒಂದೇ ಕೈಯಿಂದ ಬಂದ ಮುಖಗಳು ಹೋಲುತ್ತವೆ, ಅದು ಅಕ್ಷರದ ಓರೆ ಇದ್ದ ಹಾಗೆ.

ಮರಳಿ ಮರಳಿ ಬರುವುದು ಒಂದಿದೆ, ನಿಜ. ಅದು ಕಥೆಯಲ್ಲ, ಪ್ರಶ್ನೆ. ಎದೆಯಲ್ಲಿ ಸತ್ತವರೊಬ್ಬರನ್ನು ಇಟ್ಟುಕೊಂಡಿರುವ ಮನುಷ್ಯರನ್ನು ಬದುಕಿರುವವರು ಹೇಗೆ ಪ್ರೀತಿಸಬೇಕು? 'ಮೆಜೋನ್ ಇಕ್ಕೊಕು'ವಿನಲ್ಲಿ ಒಬ್ಬ ಹುಡುಗ ತಾನು ಪ್ರೀತಿಸುವ ವಿಧವೆಯ ಸತ್ತ ಗಂಡನ ಎದುರು ನಿಲ್ಲುತ್ತಾನೆ. 'ಇನುಯಾಶಾ'ದಲ್ಲಿ ಕಾಗೊಮೆ ಎಂಬ ಹುಡುಗಿ, ನಾಯಕನ ಹಿಂದಿನ ಪ್ರೇಯಸಿ, ಮಣ್ಣಿನಿಂದ ಎದ್ದುಬಂದ ಸತ್ತ ಕಿಕ್ಯೊಳ ಎದುರು ನಿಲ್ಲುತ್ತಾಳೆ. ಮೊದಲನೆಯದರಲ್ಲಿ ಕಾಯುವವನು ಗಂಡು, ಎರಡನೆಯದರಲ್ಲಿ ಕಾಯುವವಳು ಹೆಣ್ಣು. ಇಪ್ಪತ್ತರ ಹರೆಯದಲ್ಲಿ ಒಂದು ಕಡೆಯಿಂದ ಕೇಳಿದ ಪ್ರಶ್ನೆಯನ್ನು ನಲವತ್ತರ ಹೊತ್ತಿಗೆ ಇನ್ನೊಂದು ಕಡೆಯಿಂದ ಕೇಳಿಕೊಂಡರೆ ಅದು ಸೋಮಾರಿತನವಲ್ಲ. ಕತ್ತಿಕಥೆಯವರು ಸೇಡಿನ ಪ್ರಶ್ನೆಯನ್ನು ಜೀವನಪೂರ್ತಿ ಕೇಳಿದರೆ ಅದಕ್ಕೆ ಧ್ಯಾನ ಎನ್ನುತ್ತೀರಿ.

ಜನಪ್ರಿಯತೆಯ ಆರೋಪದ ಬಳಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. 2017ರ ಹೊತ್ತಿಗೆ ಪುಸ್ತಕಗಳ ಪ್ರತಿಗಳು 20 ಕೋಟಿ ದಾಟಿದವು, ಅದಕ್ಕೇ ಅದು ಕಲೆಯಲ್ಲ ಎನ್ನುತ್ತಾರೆ. ಹಾಗಾದರೆ ಕಸುಬು ಬಲ್ಲವರು ಏನು ಹೇಳಿದರು? 2018ರಲ್ಲಿ ಅಮೆರಿಕದ ಐಸ್ನರ್ ಪ್ರಶಸ್ತಿಯ ಗೌರವಪಟ್ಟಿಗೆ ಈ ಹೆಸರು ಸೇರಿತು. 2019ರಲ್ಲಿ ಫ್ರಾನ್ಸಿನ ಆಂಗುಲೇಮ್ ಉತ್ಸವದ ಗ್ರಾಂ ಪ್ರಿ ಬಂತು. ಆ ಪ್ರಶಸ್ತಿಗೆ ಮತ ಹಾಕುವವರು ಅಂಗಡಿಯವರೂ ಅಲ್ಲ, ಅಭಿಮಾನಿ ಸಂಘದವರೂ ಅಲ್ಲ, ಕಾಮಿಕ್ಸ್ ಬರೆದು ಬದುಕುವ ಲೇಖಕರು, ಚಿತ್ರಕಾರರು. ಮೂರೇ ವರ್ಷ ಮೊದಲು, 2016ರಲ್ಲಿ, ಅದೇ ಉತ್ಸವದ ಪಟ್ಟಿಯಲ್ಲಿ 30 ಹೆಸರು ಇದ್ದವು, ಮೂವತ್ತೂ ಗಂಡಸರದು. ದೊಡ್ಡ ಗಲಾಟೆಯಾಗಿ ಪಟ್ಟಿಯನ್ನು ಕೈಬಿಡಬೇಕಾಯಿತು. ಅಂಥ ಕಡೆ ಪ್ರೇಮಕಥೆಯ ಹೆಂಗಸೊಬ್ಬಳಿಗೆ ಸುಮ್ಮನೆ ಕರೆದು ಪ್ರಶಸ್ತಿ ಕೊಡುವುದಿಲ್ಲ. ಈ ಮಾತು ಬಂದಾಗ ಎದುರುಪಕ್ಷ ಜಾಗ ಬದಲಿಸುತ್ತದೆ: ಹೊರದೇಶದವರ ಮೆಚ್ಚುಗೆಗೆ ಬೆಲೆಯಿಲ್ಲ ಎನ್ನುತ್ತದೆ. ಸ್ವದೇಶದಲ್ಲಿ 1980ನೇ ಸಾಲಿನ ಶೋಗಾಕುಕಾನ್ ಮಂಗಾ ಪ್ರಶಸ್ತಿ ಬಂದಿತ್ತು, 2001ನೇ ಸಾಲಿನದು ಮತ್ತೊಮ್ಮೆ ಬಂತು, 2020ರಲ್ಲಿ ಜಪಾನ್ ಸರ್ಕಾರ ನೇರಳೆ ಪಟ್ಟಿಯ ಪದಕ ಕೊಟ್ಟಿತು ಎಂದರೆ ಪ್ರಶಸ್ತಿಗಳಿಗೇ ಬೆಲೆಯಿಲ್ಲ ಎನ್ನುತ್ತದೆ. ಜನ ಮೆಚ್ಚಿದರೂ ಆಗದು, ಬಲ್ಲವರು ಮೆಚ್ಚಿದರೂ ಆಗದು, ಹೊರಗಿನವರೂ ಆಗದು, ಒಳಗಿನವರೂ ಆಗದು. ಯಾವ ಸಾಕ್ಷಿ ಬಂದರೂ ಒಪ್ಪುವುದಿಲ್ಲ ಎಂದು ಮೊದಲೇ ನಿರ್ಧರಿಸಿದವರು ವಾದಕ್ಕೆ ಕೂರಬಾರದಿತ್ತು.

ಇನ್ನು ಕೊನೆಯ ಆರೋಪ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಎಳೆದರು, ಕಾಯಿಸಿದರು ಎಂಬುದು. ಎದುರುಪಕ್ಷದ ವಾದ ಹೀಗಿದೆ: ಪತ್ರಿಕೆ ಮಾರಾಟವಾಗಬೇಕು, ಅದಕ್ಕಾಗಿ ಪ್ರೇಮಿಗಳು ಕೂಡಬಾರದು, ಕೂಡದಿರಲೆಂದು ತಪ್ಪು ತಿಳುವಳಿಕೆಗಳನ್ನು ಹೆಣೆಯುತ್ತಾ ಹೋದರು. ಅತಾರು ಕೊನೆಯ ಕಂತಿನಲ್ಲೂ ಪ್ರೀತಿಸುತ್ತೇನೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ರನ್ಮಾನ ಮದುವೆ ಮಂಟಪದಲ್ಲೇ ಚಿಂದಿಯಾಗುತ್ತದೆ. ಹೌದು, ಅವೆರಡೂ ಪ್ರಹಸನಗಳು. ಪ್ರಹಸನದ ಕಟ್ಟು ಹಾಗಿರುತ್ತದೆ, ಶುರುವಾದಲ್ಲಿಗೇ ಬಂದು ನಿಲ್ಲುತ್ತದೆ. 'ಉರುಸೆಯಿ ಯಾತ್ಸುರಾ' ಮುಟ್ಟಾಟದಲ್ಲಿ ಶುರುವಾಗಿ ಮುಟ್ಟಾಟದಲ್ಲೇ ಮುಗಿಯಿತು. ಆದರೆ ಆಕೆಗೆ ಮುಗಿಸಲು ಬರುವುದಿಲ್ಲ ಎನ್ನುವವರು 'ಇನುಯಾಶಾ'ದ ಕೊನೆಯನ್ನೂ 'ಮೆಜೋನ್ ಇಕ್ಕೊಕು'ವಿನ ಕೊನೆಯನ್ನೂ ಓದಿಲ್ಲ, ಇಲ್ಲವೇ ಓದಿದ್ದನ್ನು ಹೇಳುತ್ತಿಲ್ಲ.

ಎಳೆಯುವುದು ಎಂದರೆ ಏನು? ಕಾರಣವಿಲ್ಲದೆ ನಿಲ್ಲಿಸುವುದು. ಧಾರಾವಾಹಿ ಓದಿ ಬೆಳೆದ ಯಾರಿಗಾದರೂ ಅದರ ರುಚಿ ಗೊತ್ತು. 'ಮೆಜೋನ್ ಇಕ್ಕೊಕು'ವಿನಲ್ಲಿ ತಡಕ್ಕೆ ಕಾರಣಗಳಿವೆ, ಮತ್ತು ಅವು ಮೊದಲ ಸಂಪುಟದಿಂದಲೇ ಕಣ್ಣೆದುರು ಇವೆ. ಹಳೆಯ ಮರದ ಕಟ್ಟಡ, ಮೇಲೆ ನಿಂತುಹೋದ ಗಡಿಯಾರ. ಐದನೇ ನಂಬರಿನ ಕೋಣೆಯಲ್ಲಿ ಗೊದಾಯ್ ಇದ್ದಾನೆ. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಮತ್ತೆ ಕಟ್ಟಿದವನು, ಜಪಾನಿನಲ್ಲಿ ಅಂಥವರನ್ನು ರೋನಿನ್ ಎನ್ನುತ್ತಾರೆ. ಆ ಕಟ್ಟಡ ನೋಡಿಕೊಳ್ಳಲು ಬರುವವಳು ಅವನಿಗಿಂತ ಎರಡು ವರ್ಷ ದೊಡ್ಡವಳಾದ ಕ್ಯೋಕೊ. ಎದೆಯ ಮೇಲೆ ಕೋಳಿಮರಿಯ ಚಿತ್ರ, ಅದರ ಜೊತೆ 'ಪಿಯೊ ಪಿಯೊ' ಎಂಬ ಅಕ್ಷರಗಳಿರುವ ಏಪ್ರನ್, ಕೈಯಲ್ಲಿ ಪೊರಕೆ. ಪಕ್ಕದಲ್ಲಿ ಒಂದು ದೊಡ್ಡ ಬಿಳಿ ನಾಯಿ, ಅದರ ಹೆಸರು ಸೋಯಿಚಿರೊ. ಸತ್ತ ಗಂಡನ ಹೆಸರೂ ಅದೇ. ಮದುವೆಯಾಗಿ ವರ್ಷ ತುಂಬುವ ಮೊದಲೇ ತೀರಿಕೊಂಡ ಗಂಡ. ದಿನಕ್ಕೆ ಹತ್ತು ಸಲ ಆ ಹೆಸರನ್ನು ಅವಳು ಅಂಗಳದಲ್ಲಿ ನಿಂತು ಕೂಗುತ್ತಾಳೆ, ಅಷ್ಟು ಸಲವೂ ಗೊದಾಯ್ ಅದನ್ನು ಮಾಳಿಗೆಯ ಮೇಲಿನ ಕೋಣೆಯಿಂದ ಕೇಳಿಸಿಕೊಳ್ಳುತ್ತಾನೆ. ಆ ಕಟ್ಟಡದ ಬಾಡಿಗೆದಾರರ ಹೆಸರುಗಳಲ್ಲೇ ಲೆಕ್ಕವಿದೆ: ಇಚಿನೊಸೆಯಲ್ಲಿ ಒಂದು, ಯೊತ್ಸುಯಾದಲ್ಲಿ ನಾಲ್ಕು, ಗೊದಾಯ್‌ನಲ್ಲಿ ಐದು, ರೊಪ್ಪೊಂಗಿಯಲ್ಲಿ ಆರು. ಕ್ಯೋಕೊ ಗಂಡನಿಂದ ಪಡೆದು ಬಿಡದೆ ಉಳಿಸಿಕೊಂಡ ಮನೆತನದ ಹೆಸರು ಒತೊನಾಶಿ, ಅದರ ಕೊನೆಯ 'ನಾಶಿ' ಎಂದರೆ ಇಲ್ಲ, ಸೊನ್ನೆ. ಕಂತಿನಿಂದ ಕಂತಿಗೆ ತೋಚಿದ್ದನ್ನು ಗೀಚಿ ಪುಟ ತುಂಬಿಸಿದವರು ಅಡಿಪಾಯದಲ್ಲಿ ಇಷ್ಟು ಲೆಕ್ಕ ಇಡುವುದಿಲ್ಲ.

ತಡಕ್ಕೆ ಮೊದಲ ಕಾರಣ ಆ ಸತ್ತ ಗಂಡನಾದರೆ, ಎರಡನೆಯ ಕಾರಣ ಹಣ. ಗೊದಾಯ್ ಹೆಸರಿಲ್ಲದ ಕಾಲೇಜಿಗೆ ಸೇರಿ, ಹೇಗೋ ಮುಗಿಸಿ, ಒಂದು ಕೆಲಸ ಗಿಟ್ಟಿಸಿಕೊಳ್ಳುತ್ತಾನೆ. ಸೇರಬೇಕಿದ್ದ ಕಂಪನಿಯೇ ದಿವಾಳಿಯಾಗುತ್ತದೆ. ಕ್ಯಾಬರೆಯಲ್ಲಿ ಕೆಲಸ ಮಾಡುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುತ್ತಾ, ರಾತ್ರಿ ಓದಿ, ಶಿಶುವಿಹಾರದ ಶಿಕ್ಷಕನಾಗುವ ಪರೀಕ್ಷೆ ಕಟ್ಟುತ್ತಾನೆ. ಎದುರಾಳಿ ಮಿತಾಕಾಗೆ ಹಣವಿದೆ, ಕಾರಿದೆ, ಹೊಳೆಯುವ ಹಲ್ಲುಗಳಿವೆ. ಕೈಯಲ್ಲಿ ಕಾಸಿಲ್ಲದ ಹುಡುಗ ವಿಧವೆಯೊಬ್ಬಳಿಗೆ ನನ್ನ ಜೊತೆ ಬಾ ಎನ್ನಲು ಹಿಂಜರಿಯುವುದು ಎಳೆತವಾದರೆ, ಆ ಹಿಂಜರಿಕೆಯಲ್ಲಿ ಬದುಕಿದ ಊರೂರಿನ ಹುಡುಗರೆಲ್ಲ ಎಳೆದವರೇ. ನಡುವಿನ ಕೆಲವು ಕಂತುಗಳು ಕಾಲು ಎಳೆಯುತ್ತವೆ, ಕೊಜುಯೆ ಎಂಬ ಹುಡುಗಿಗೆ ಇಲ್ಲ ಎನ್ನಲಾಗದ ಗೊದಾಯ್‌ನ ಪೇಚಾಟ ಎರಡು ಸಲ ಹೆಚ್ಚೇ ಬಂತು. ಆದರೆ ಅದು ಸಂಪುಟಗಳ ಮೇಲಿನ ದೂರು, ಕಥೆಯ ಮೇಲಿನದಲ್ಲ.

ಕ್ಯೋಕೊ ಆದರ್ಶ ಹೆಣ್ಣಿನ ಬೊಂಬೆ, ಒಬ್ಬ ಗಂಡಸಿನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿಸಿದ್ದು ಬಿಟ್ಟರೆ ಅವಳ ಕಥೆಯಲ್ಲಿ ಏನಿದೆ ಎಂಬ ಮಾತೂ ಇದರ ಜೊತೆಗೇ ಬರುತ್ತದೆ. ಇವರು ಯಾವ ಕ್ಯೋಕೊಳನ್ನು ಓದಿದ್ದಾರೆ? ಪುಟಗಳಲ್ಲಿ ಇರುವ ಕ್ಯೋಕೊ ಹೊಟ್ಟೆಕಿಚ್ಚಿನವಳು. ಸಿಟ್ಟಾದರೆ ಮುಖ ತಿರುಗಿಸಿ ಪೊರಕೆ ಜೋರಾಗಿ ಆಡಿಸುವವಳು. ತನಗೇ ತನ್ನ ಮನಸ್ಸು ತಿಳಿಯದೆ, ತಿಳಿದಾಗ ಒಪ್ಪದೆ, ಒಪ್ಪಿದ್ದನ್ನು ಹೇಳದೆ ಇರುವವಳು. ಹೆತ್ತವರು ತವರಿನ ಹೆಸರಿಗೆ ಮರಳು ಎನ್ನುತ್ತಾರೆ. ಗಂಡನ ತಂದೆಯೇ, ನೀನಿನ್ನೂ ಚಿಕ್ಕವಳು, ಹೊಸ ಬದುಕು ನೋಡಿಕೋ ಎನ್ನುತ್ತಾರೆ. ಎಲ್ಲರೂ ಅವಳನ್ನು ಮುಂದಕ್ಕೆ ತಳ್ಳುವಾಗ ಅವಳೊಬ್ಬಳೇ ಕಾಲೂರಿ ನಿಲ್ಲುತ್ತಾಳೆ. ಮರೆತುಬಿಟ್ಟರೆ ಆ ಮನುಷ್ಯ ಇನ್ನೊಮ್ಮೆ ಸಾಯುತ್ತಾನೆ ಎಂಬುದು ಅವಳ ಭಯ. ಅವಳು ಬೇಗ ಒಪ್ಪಿದ್ದರೆ ಇದೇ ಟೀಕಾಕಾರರು ಎಷ್ಟು ಬೇಗ ಮರೆತಳು ಎನ್ನುತ್ತಿದ್ದರು. ತಡ ಮಾಡಿದಳು, ಅದಕ್ಕೆ ಎಳೆದಳು ಎನ್ನುತ್ತಾರೆ. ದುಃಖ ಯಾವ ತಿಂಗಳು ಮುಗಿಯಬೇಕು ಎಂದು ವಿಧವೆಗೆ ಹೇಳುವ ಅಧಿಕಾರ ಇವರಿಗೆ ಎಲ್ಲಿಂದ ಬಂತು? ತಕಾಹಾಶಿ ಆ ಅಧಿಕಾರವನ್ನು ಗಂಡಸರಿಗೂ ಕೊಡಲಿಲ್ಲ, ಹೆತ್ತವರಿಗೂ ಕೊಡಲಿಲ್ಲ, ಓದುಗರಿಗೂ ಕೊಡಲಿಲ್ಲ. ಅದು ಕ್ಯೋಕೊಳ ಬಳಿಯೇ ಉಳಿಯಿತು.

ಹದಿನೈದು ಸಂಪುಟಗಳಲ್ಲಿ ಒಂದು ಕಡೆಯೂ ಆ ಗಂಡನ ಮುಖವನ್ನು ನಮಗೆ ತೋರಿಸಿಲ್ಲ. ಅವನು ಬಂದಾಗಲೆಲ್ಲ ಮುಖದ ಮೇಲೆ ನೆರಳು. ಮುಖವಿಲ್ಲದವನ ಜೊತೆ ಗೊದಾಯ್ ಹೋರಾಡಲಾರ, ಹೋಲಿಸಿಕೊಳ್ಳಲಾರ, ಗೆಲ್ಲಲಾರ. ಕೊನೆಯಲ್ಲಿ, ಮದುವೆಯ ಮಾತು ಆದ ಮೇಲೆ, ಕ್ಯೋಕೊ ಗಂಡನ ಸಮಾಧಿಗೆ ಹೋದಾಗ ಅಲ್ಲಿ ಆಗಲೇ ಗೊದಾಯ್ ಬಂದು ನಿಂತಿದ್ದಾನೆ. ಅವಳು ಮರದ ಹಿಂದೆ ಸರಿಯುತ್ತಾಳೆ. ಅವನು ಕಲ್ಲಿನ ಜೊತೆ ಮಾತಾಡುತ್ತಿದ್ದಾನೆ, ನಿನ್ನನ್ನು ಮರೆಯುವಂತೆ ಅವಳನ್ನು ಕೇಳುವುದಿಲ್ಲ, ಅವಳೊಳಗಿರುವ ನಿನ್ನನ್ನೂ ಸೇರಿಸಿಕೊಂಡೇ ಅವಳನ್ನು ಕರೆದೊಯ್ಯುತ್ತೇನೆ ಎಂಬ ಅರ್ಥದ ಮಾತು. ಮೊದಲ ಸಂಪುಟದ ಗೊದಾಯ್‌ನನ್ನು ತಂದು ಆ ಕಲ್ಲಿನ ಮುಂದೆ ನಿಲ್ಲಿಸಿ ನೋಡಿ. ಪರೀಕ್ಷೆಯಲ್ಲಿ ನಪಾಸಾಗಿ, ಗೋಡೆಯ ಆಚೆಯವರ ಗದ್ದಲಕ್ಕೆ ಓದಲಾಗದೆ ಒದ್ದಾಡುತ್ತಿದ್ದ ಆ ಹುಡುಗನ ಬಾಯಲ್ಲಿ ಈ ಮಾತು ಬರುತ್ತಿರಲಿಲ್ಲ. ಬಂದಿದ್ದರೂ, ಆಗಿನ ಕ್ಯೋಕೊ ಮರದ ಹಿಂದೆ ನಿಂತು ಅದನ್ನು ಪೂರ್ತಿ ಕೇಳುತ್ತಿರಲಿಲ್ಲ, ನಾಯಿಯ ಹಗ್ಗ ಹಿಡಿದು ಹೊರಟುಬಿಡುತ್ತಿದ್ದಳು.